ಅಪ್ಪನ ಜೀಪಿಗೆ ಅವ್ವನ ಅಪ್ಪಣೆ

ಹುಲಿಯನ್ನೇ ವಾಹನ ಮಾಡಿಕೊಂಡು ಏಳು ಮಲೆ ಸುತ್ತಿದ ಮಾದಪ್ಪನ ಪಾದಕ್ಕೆ ಮೊದಲ ಶರಣು. ಹುಲಿಗೆ ತುಕ್ಕು ಹಿಡಿಯುವುದಿಲ್ಲ, ಅದರ ಬಿಡಿಭಾಗ ಹುಡುಕಿಕೊಂಡು ಗುಜರಿ ಅಂಗಡಿ ಅಲೆಯಬೇಕಾಗಿಲ್ಲ. ಆ ಭಾಗ್ಯ ನಮ್ಮಂಥ ಹುಲುಮಾನವರಿಗೆ ಎಲ್ಲಿ ಬರಬೇಕು?

ಹಳೇ ಗಾಡಿಗೆ ಕೈ ಹಾಕಿದವನ ಮನೆಯಲ್ಲಿ ದಿನಕ್ಕೊಂದು ಪ್ರಸಂಗ ನಡೆಯುತ್ತದೆ. ಗಾಡಿ ಒಂದು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತದೆ.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತನಾದವನು. ಮನೆ ತೆರಕಣಾಂಬಿ. ತೀರಿಹೋದ ಅಪ್ಪನ ಪೆಟ್ರೋಲ್ ಜೀಪು ನಮ್ಮ ಕೊಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ನಿಂತಿತ್ತು. ನನ್ನ ಆಸೆ ಇಷ್ಟೇ: ಬಾಡಿಯನ್ನು ಚಾಸಿಯಿಂದ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿನಿಂದ, ಪೂರ್ತಿ ಎತ್ತಿಳಿಸಿ, ತುಕ್ಕು ಕೆರೆದು, ಬಣ್ಣ ಹೊಡೆದು, ಕೆಟ್ಟ ಪೆಟ್ರೋಲ್ ಇಂಜಿನ್ನಿನ ಜಾಗಕ್ಕೆ ಡೀಸೆಲ್ ಇಂಜಿನ್ ಕೂರಿಸಬೇಕು. ಮೊದಲ ಸವಾರಿಗೆ ಅವ್ವನನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗಬೇಕು. ಕೆಲಸಕ್ಕೆ ಗುಂಡ್ಲುಪೇಟೆಯ ಮೇಸ್ತ್ರಿ ಒಪ್ಪಿದ. ಅವನಪ್ಪನೂ ಜೀಪು ಮೆಕ್ಯಾನಿಕ್ಕೇ ಆಗಿದ್ದವರು.

"ಒಂದೇ ಮಾತು ಭಾಯ್. ಅವ್ವ 'ಹೂಂ' ಅನ್ನೋವರೆಗೂ ಬಾಡಿ ಎತ್ತೋ ಹಾಗಿಲ್ಲ," ಅಂದಿದ್ದೆ.

ಎಂಬತ್ತು ದಾಟಿದ ಅವ್ವ 'ಬ್ಯಾಡ' ಅಂತ ಒಂದು ದಿನವೂ ಅನ್ನಲಿಲ್ಲ. ಆದರೆ 'ಹೂಂ' ಕೂಡ ಅನ್ನಲಿಲ್ಲ. ಕೇಳಿದಾಗಲೆಲ್ಲ ಒಂದೊಂದು ಶಾಸ್ತ್ರ ತೆಗೆದಳು.

ರೋಗಿಯ ಪುಸ್ತಕ

ಮೇಸ್ತ್ರಿಯ ಮೊದಲ ಆಜ್ಞೆ, ಯಾವ ಬೋಲ್ಟನ್ನೂ ಮುಟ್ಟಬಾರದು ಅಂತ.

"ಮೊದಲನೇ ಸಲ ಮಾಡೋರು ಬಿಚ್ಚೋದು ಬೇಗ ಬಿಚ್ತಾರೆ ಅಣ್ಣಾ. ಆಮೇಲೆ ಬಕೆಟ್ ತುಂಬ ನಟ್ಟು ಇಟ್ಕೊಂಡು ನನ್ನ ಮುಖ ನೋಡ್ತಾರೆ. ನೀವು ಒಂದು ಬುಕ್ಕಲ್ಲಿ ಏನು ಸರಿ ಇದೆ, ಏನು ಹೋಗಿದೆ, ಎಲ್ಲಾ ಬರೀರಿ. ಬರೆದಾದ್ಮೇಲೆ ನಾನು ಬರ್ತೀನಿ."

ಮುಂದಿನ ಭಾನುವಾರ ಬಂದು ಪುಸ್ತಕ ಬಿಡಿಸಿದ. ಮೊದಲ ಮೂರು ಪುಟ ಶಿವನಾಮ.

"ಬೋಲ್ಟ್ ಎಲ್ಲಣ್ಣ?"

"ಮುಂದೆ ಬರ್ತವೆ."

ನಾಲ್ಕನೇ ಪುಟದಲ್ಲಿ ಆಸ್ಪತ್ರೆಯ ಅಭ್ಯಾಸಬಲದಿಂದ ನಾನು ಬರೆದಿದ್ದೆ: ಕಾಲು, ನಾಲ್ಕೂ ಸ್ವಾಧೀನವಿಲ್ಲ. ಉಸಿರಾಟ, ಇಲ್ಲ. ಕಣ್ಣು, ಎಡಗಡೆಯದು ಹೋಗಿದೆ. ಹೊಟ್ಟೆಯಲ್ಲಿ ಇಲಿಮರಿ, ಆರು. ಮೇವು ಬಿಟ್ಟು ಇಪ್ಪತ್ತು ವರ್ಷ.

ಮೇಸ್ತ್ರಿ ಕೇಳಿದ, "ಅಣ್ಣಾ, ಇದು ನನ್ನ ಹತ್ರ ರಿಪೇರಿಗೆ ಬಂದಿರೋದಾ, ಪೋಸ್ಟ್‌ಮಾರ್ಟಮ್‌ಗಾ?"

ಜಗಲಿಯ ಮೇಲಿದ್ದ ಅವ್ವನಿಗೆ ಇಲಿಮರಿ ಅಂದದ್ದು ಮಾತ್ರ ಕೇಳಿಸಿತು. "ಮರಿ ಆಕಿರೋ ತಾಯಿನ ಎಬ್ಬುಸ್ಬಾರ್ದು ಕಣ್ಲಾ. ಗಣಪ್ಪನ ವಾಹನ. ಮರಿ ಕಣ್ಬುಟ್ಟು ಓಡಾಡ್ಲಿ ಬುಡು, ಆಮ್ಯಾಕೆ ನೋಡನ."

ಗಣಪತಿಯ ವಾಹನಕ್ಕೋಸ್ಕರ ನಮ್ಮ ವಾಹನ ಹದಿನೈದು ದಿನ ಕಾಯಿತು.

ವಿಭೂತಿಯ ಅಡಿಯಲ್ಲಿ

ಇಂಜಿನ್ ಬದಲಾಯಿಸಬೇಕಾದರೆ ಮೊದಲೇ ಆರ್‌ಟಿಓ ಅನುಮತಿ ಬೇಕು, ಅರ್ಜಿಗೆ ಚಾಸಿ ನಂಬರ್ ಬೇಕು. ಜೀಪಿನ ಹಳೇ ಪತ್ರದಲ್ಲಿದ್ದ ನಂಬರ್ ಅಳಿಸಿಹೋಗಿತ್ತು. ಚಾಸಿಯ ಮೇಲೇ ಓದೋಣವೆಂದು ನಾನೂ ಮೇಸ್ತ್ರಿಯೂ ಜೀಪಿನಡಿ ಅಂಗಾತ ಮಲಗಿದೆವು.

ನಂಬರ್ ಇಲ್ಲ! ಆ ಜಾಗದಲ್ಲಿ ಒಬ್ಬಟ್ಟಿನಷ್ಟು ದಪ್ಪದ ಒಂದು ಕೆಂಪು ಹೆಪ್ಪು.

ಆಗ ನೆನಪಾಯಿತು. ಅಪ್ಪ ಪ್ರತಿ ಆಯುಧಪೂಜೆಗೂ ಹರಳೆಣ್ಣೆಯಲ್ಲಿ ಕಲಸಿದ ವಿಭೂತಿ ಕುಂಕುಮವನ್ನು ಅಲ್ಲಿಗೇ ಹಚ್ಚುತ್ತಿದ್ದರು. "ಜೀಪಿನ ಹಣೆಬರಹ ಬರೆದಿರೋದು ಇಲ್ಲೇ ಕಣೋ" ಅನ್ನುತ್ತಿದ್ದರು. ನಾನು ಕೈ ಮುಗಿದು, ಕ್ಷಮೆ ಕೇಳಿ, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಪದರದ ಮೇಲೆ ಪದರ ಎದ್ದು ಬಂತು. ಅಡಿಯಲ್ಲಿ ನಂಬರು ನಿನ್ನೆ ಕೆತ್ತಿದ ಹಾಗೆ ಹೊಳೆಯುತ್ತಿತ್ತು. ಅದರ ಸುತ್ತ ಅಂಗೈಯಗಲದಷ್ಟು ಕಬ್ಬಿಣ ಬೆಳ್ಳಿಯಂತಿತ್ತು. ಅದರಾಚೆಗೆಲ್ಲ ಬೆರಳಿಟ್ಟರೆ ಉದುರುವ ತುಕ್ಕು.

ನನ್ನ ಕಣ್ಣಲ್ಲಿ ನೀರು ಬಂತು. "ನೋಡಿದ್ಯಾ ಭಾಯ್, ಭಕ್ತಿಯ ಶಕ್ತಿ!"

"ನೋಡಿದೆ ಅಣ್ಣಾ. ನಿಮ್ಮಪ್ಪ ಇನ್ನೊಂದು ಸ್ವಲ್ಪ ಭಕ್ತಿ ಜಾಸ್ತಿ ಮಾಡಿ ಇಡೀ ಚಾಸಿಗೇ ಹಚ್ಚಿದ್ರೆ, ಈವತ್ತು ನಾನು ಬರೋ ಕೆಲಸಾನೇ ಇರ್ತಿರಲಿಲ್ಲ."

ಹಸುವಿನ ಟೇಪು

ಚಂದಕವಾಡಿಯಲ್ಲಿ ಒಬ್ಬರ ಹಿತ್ತಲಲ್ಲಿ ಅದೇ ಕಂಪನಿಯ ಡೀಸೆಲ್ ಇಂಜಿನ್ ಇದೆ ಅಂತ ಸುದ್ದಿ ಬಂತು. ಅವರ ಜೀಪಿನ ಬಾಡಿ ಮಣ್ಣಾಗಿ, ಇಂಜಿನ್ ಉಳಿದಿತ್ತು.

"ಮುಂಗಡ ಕೊಡೋಕೆ ಮೊದ್ಲು ಅಳತೆ ತಗೊಳ್ಳಿ. ನಮ್ಮ ಬಾನೆಟ್ ಒಳಗೆ ಕೂರಬೇಕಲ್ಲ," ಅಂದ ಮೇಸ್ತ್ರಿ.

ನನ್ನ ಹತ್ತಿರ ಇದ್ದದ್ದು ಆಸ್ಪತ್ರೆಯ ಕಾಲದ ಟೇಪು. ಹಸುವಿನ ಎದೆಗೆ ಸುತ್ತಿದರೆ ಒಂದು ಮುಖದಲ್ಲಿ ಅಂಗುಲ, ಇನ್ನೊಂದು ಮುಖದಲ್ಲಿ ಅಷ್ಟು ಸುತ್ತಳತೆಯ ಹಸು ಎಷ್ಟು ಕಿಲೋ ತೂಗುತ್ತದೆ ಅನ್ನುವುದು. ಶ್ರದ್ಧೆಯಿಂದ ಇಂಜಿನ್ನಿಗೆ ಸುತ್ತಿ, ಓದಿ, ಮೇಸ್ತ್ರಿಗೆ ಫೋನ್ ಮಾಡಿದೆ.

"ಇನ್ನೂರ ಹತ್ತು ಇದೆ ಭಾಯ್."

"ಇನ್ನೂರ ಹತ್ತು ಇಂಚಾ? ಅಣ್ಣಾ, ನೀವು ನೋಡ್ತಿರೋದು ಇಂಜಿನ್ನೋ, ಬಸ್ ಸ್ಟ್ಯಾಂಡೋ?"

ಟೇಪು ತಿರುಗಿಸಿ ನೋಡಿದೆ. "ತಪ್ಪಾಯ್ತು. ಕಿಲೋ ಓದ್ಬಿಟ್ಟೆ. ಇದು ಹಸು ಅಳೆಯೋ ಟೇಪು."

"ಓ! ಹಂಗಾದ್ರೆ ಗಬ್ಬ ಆಗಿದ್ಯಾ ಅಂತನೂ ನೋಡ್ಕೊಂಡು ಬಂದ್ಬಿಡಿ. ಎರಡು ಇಂಜಿನ್ ಸಿಕ್ಕಂಗಾಗುತ್ತೆ."

ಸಂಬಂಧ

ಇಂಜಿನ್ ಅಳತೆಗೆ ಕೂರುತ್ತದೆ ಅಂತಾಯಿತು. ಅವ್ವನ ಮುಂದೆ ಕೂತು ವಿಷಯ ಹೇಳಿದೆವು. ಅವ್ವ ಎಲಡಿಕೆ ಮಡಿಸುತ್ತಾ ಕೇಳಿದಳು.

"ನಮ್ ಜೀಪು ಯಾವ್ ಕಂಪ್ನೀದು?"

ಹೇಳಿದೆ.

"ಆ ಇಂಜಿನ್ನು?"

"ಅದೂ ಅದೇ ಕಂಪನಿ ಅವ್ವ. ಅದಕ್ಕೇ ಹೊಂದುತ್ತೆ."

"ಒಂದೇ ಮನೇಲುಟ್ಟಿರೋವು ಅನ್ನು. ಅಣ್ಣತಂಗೀರ್ನ ತಂದು ಜೊತೆ ಮಾಡ್ತಿಯೇನ್ಲಾ? ಯಾರಾರಾ ಒಪ್ತಾರಾ?"

ನನಗೆ ಶಾಸ್ತ್ರಕ್ಕೆ ಎದುರಾಡಿ ಅಭ್ಯಾಸವಿಲ್ಲ. ಮೇಸ್ತ್ರಿ ಕೈಯ ಗ್ರೀಸು ಒರೆಸಿಕೊಂಡು ಮುಂದೆ ಬಂದ.

"ಅವ್ವಾ, ನಿಮ್ಮದು ಪೆಟ್ರೋಲ್, ಅದು ಡೀಸೆಲ್. ಅಣ್ಣತಂಗಿ ಹೆಂಗಾಗುತ್ತೆ? ಇದು ಸೋದರಮಾವನ ಮಗಳು. ಬೇರೆ ಕಂಪನೀದು ಹುಡುಕೋದೇ ತಪ್ಪು, ಮನೇಲೇ ಹೆಣ್ಣಿಟ್ಕೊಂಡು ಹೊರಗೆ ಹೋದ್ರು ಅಂತಾರೆ."

ಅವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಇವ್ನು ಮೇಸ್ತ್ರಿಯೋ, ಮದ್ವೆ ದಲ್ಲಾಳಿಯೋ?" ಅಂತ ಎದ್ದು ಒಳಗೆ ಹೋದಳು. 'ಹೂಂ' ಅನ್ನಲಿಲ್ಲ.

ಅವ್ವ ಕೂತಳು

ಆರ್‌ಟಿಓ ಅನುಮತಿ ಬಂತು. ನಮ್ಮೂರ ಅರ್ಚಕರು ಶುಕ್ರವಾರ ಮಧ್ಯಾಹ್ನ ಬಾಡಿ ಎತ್ತಲು ಮುಹೂರ್ತ ಕೊಟ್ಟರು. ಮೇಸ್ತ್ರಿಗೆ ಜುಮ್ಮಾ ನಮಾಜು ಇತ್ತು. ಅರ್ಚಕರೇ, "ಮುಗಿಸ್ಕೊಂಡೇ ಬರಲಿ. ದೇವರಿಗೆ ಮುಗಿದ ಕೈ ಇನ್ನೂ ಗಟ್ಟಿ ಹಿಡಿಯುತ್ತೆ," ಅಂತ ಒಂದೂವರೆ ಗಂಟೆ ಮುಂದೂಡಿದರು.

ಬೋಲ್ಟುಗಳು ಸಡಿಲವಾಗಿದ್ದವು. ಬೀದಿಯ ಎಂಟು ಜನ ಬಂದರು. ಅರ್ಚಕರು ಕಾಯಿ ಒಡೆದು ಮಂಗಳಾರತಿ ಮಾಡಿದರು. ಇನ್ನು ಅವ್ವನ 'ಹೂಂ' ಒಂದು ಕೇಳಬೇಕು ಅನ್ನುವಷ್ಟರಲ್ಲಿ ಅವ್ವನೇ ಬಂದಳು, ಕಂಬಿ ಹಿಡಿದು ಹತ್ತಿದಳು, ಮುಂದಿನ ಸೀಟಿನಲ್ಲಿ ಕೂತೇಬಿಟ್ಟಳು.

"ನನ್ನೂ ಸೇರ್ಸೇ ಎತ್ತಿ."

ಎಂಟು ಜನ ನನ್ನ ಮುಖ ನೋಡಿದರು. ಅಪ್ಪನ ನೆನಪಿಗೆ ಅವ್ವನ ಕರುಳು ಚುರ್ ಅಂದಿರಬೇಕು ಅಂತ ನನಗೆ ದುಃಖ ಒತ್ತಿ ಬಂತು. "ಅವ್ವಾ, ಅಪ್ಪನ ಇಂಜಿನ್ ಎಸೆಯೋದಿಲ್ಲ. ಕೊಟ್ಟಿಗೇಲೇ ಪೀಠ ಮಾಡಿ ಇಡ್ತೀನಿ. ನಿಂಗೆ ಆ ಹಳೇ ಇಂಜಿನ್ ಸದ್ದೇ ಬೇಕು ಅಂದ್ರೆ..."

"ಆ ಸದ್ದು ಯಾವಳ್ಗ್ಲಾ ಬೇಕು?" ಅವ್ವ ಸೆರಗು ಸರಿಮಾಡಿಕೊಂಡಳು. "ಈ ಜೀಪು ಬಂದ್ಮ್ಯಾಕೆ ನಿಮ್ಮಪ್ಪ ಒಂದಿನಾರಾ ಒತ್ಗೆ ಸರ್ಯಾಗಿ ಉಂಡವ್ರಾ? ಕುದೇರಲ್ಲಿ ಯಾರ್ದೋ ಎರಿಗೆ, ಚಂದಕವಾಡೀಲಿ ಯಾರ್ದೋ ಮದ್ವೆ, ಎಲ್ಲಾರ್ಗೂ ಇದೇ ಜೀಪು. ನಾನು ಮುದ್ದೆ ಮಾಡಿ ಮಡಿಕಂಡು ಬಾಗ್ಲು ಕಾಯಾದು. ಕಾದು ಕಾದು ಸಾಕಾಗಿ ಒಂದಿನ ಮಾರಮ್ಮನ ಗುಡೀಗೋಗಿ ಅರಕೆ ಮಾಡ್ಕಂಬುಟ್ಟೆ. ತಾಯಿ, ಈ ಜೀಪು ನಿಂತೋಗ್ಲಿ, ನೂರೊಂದು ಕಾಯಿ ಒಡೀತೀನಿ ಅಂತ. ಮುಂದ್ಲ ಮಂಗ್ಳಾರನೇ ನಿಂತೋಯ್ತು."

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ.

"ನಮ್ಮಪ್ಪ ಸಾಯೋವರೆಗೂ ಹೇಳ್ತಿದ್ರು ಅವ್ವಾ. 'ಆ ತೆರಕಣಾಂಬಿ ಜೀಪಲ್ಲಿ ಎಲ್ಲಾ ಸರಿ ಇತ್ತು, ಯಾಕೆ ಸ್ಟಾರ್ಟ್ ಆಗಲಿಲ್ಲ ಅಂತ ಮಾತ್ರ ಗೊತ್ತಾಗಲಿಲ್ಲ' ಅಂತ!"

"ಕಾಯಿ ಒಡೆದ್ಯಾ ಅವ್ವ?" ಅಂತ ಕೇಳಿದೆ.

"ಒಡೀದೆ ಇರ್ತೀನಾ? ನೂರೊಂದೂ ಒಡೆದೆ. ಮೂಟೆ ಒತ್ಕಂಡು ಬಂದವ್ರು ನಿಮ್ಮಪ್ಪನೇ. ಜೀಪು ಸರೋಗ್ಲಿ ಅಂತ ಅರಕೆ ಅನ್ಕಂಡಿದ್ರು. ನಾನೂ ಊಂ ಅಂದೆ." ಅವ್ವನ ಕಣ್ಣು ತುಂಬಿತು, ತುಟಿ ಮಾತ್ರ ನಗುತ್ತಿತ್ತು. "ಆಮ್ಯಾಕೆ ಬದ್ಕಿರೋಗಂಟ ಬಿಸಿ ಮುದ್ದೆ ಉಂಡ್ರು ಪುಣ್ಯಾತ್ಮ. ಈಗ ನೀನು ಇದ್ನ ಎಬ್ಬುಸ್ತೀನಿ ಅಂತಿದ್ದೀಯ. ಕೇಳಿ ನಿಲ್ಸ್ಕಂಡೋಳು ನಾನು. ತಾಯಿಗೆ ಏನಂತ ಮಕ ತೋರುಸ್ಲಿ?"

ದೇವಿ ನಿಲ್ಲಿಸಿದ್ದನ್ನು ನಡೆಸಲು ನಾನು ಯಾರು? ಬೋಲ್ಟು ಬಿಗಿಸಿಬಿಡು ಅಂತ ಮೇಸ್ತ್ರಿಗೆ ಹೇಳಬೇಕು ಅಂದುಕೊಂಡೆ. ಅಷ್ಟರಲ್ಲಿ ಅವನೇ ಕೇಳಿದ:

"ಅವ್ವಾ, ಆ ತಾಯಿ ನಿಲ್ಲಿಸಿದ್ದು ಯಾವುದನ್ನ? ಟೈರನ್ನಾ?"

"ಇಂಜಿನ್ನ ಕಣಪ್ಪ."

"ನಾವೂ ಅದನ್ನೇ ತೆಗೆದು ಇಡ್ತಿರೋದು. ಅದು ನಿಂತಿದ್ದು ನಿಂತೇ ಇರುತ್ತೆ, ತಾಯಿ ಮಾತು ಎಲ್ಲೂ ತಪ್ಪಲಿಲ್ಲ. ಓಡೋದು ಚಂದಕವಾಡಿ ಇಂಜಿನ್ನು. ಅದರ ಮೇಲೆ ನೀವೇನೂ ಹರಕೆ ಮಾಡಿಲ್ವಲ್ಲ?"

ಅವ್ವ ಅರ್ಚಕರ ಕಡೆ ನೋಡಿದಳು. ಅವರು ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, "ನ್ಯಾಯವಾಗಿದೆ," ಅಂದರು. ನಾನು ಕೊಟ್ಟಿಗೆಯಿಂದಲೇ ಮಾರಮ್ಮನ ಗುಡಿಯ ದಿಕ್ಕಿಗೆ ಕೈ ಮುಗಿದೆ.

ಅವ್ವ ಇಳಿದಳು. ಮಂಗಳಾರತಿ ತಟ್ಟೆಯಿಂದ ಕುಂಕುಮ ತೆಗೆದು ಬಾನೆಟ್ಟಿಗೆ ಇಟ್ಟು, ಕೊನೆಗೂ ಅಂದಳು: "ಊಂ. ಎತ್ತಿ."

ಎಂಟು ಜನ 'ಉಘೇ ಮಾದಪ್ಪ' ಅಂತ ಎತ್ತೇಬಿಟ್ಟರು. ಅವ್ವ ನನ್ನ ಪಕ್ಕ ಬಂದು ಮೆಲ್ಲಗೆ ಅಂದಳು, "ಬೆಟ್ಟಕ್ಕೆ ಓಗನ, ಬತ್ತೀನಿ. ಆದ್ರೆ ನೀನೂ ನಿಮ್ಮಪ್ಪನಂಗೆ ಊರೂರು ಸುತ್ತಕ್ಕೆ ಸುರು ಮಾಡ್ದೋ, ಮಾರಮ್ಮನ ಗುಡಿ ದಾರಿ ನಂಗೆ ಮರ್ತಿಲ್ಲ ಕಣ್ಲಾ."

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅಂದಳು: "ಅತ್ತೆ, ಓಗೋವಾಗ ನನ್ನೂ ಕರೀರಿ. ಕಾಯಿ ಮೂಟೆ ಇವ್ರ ತಲೆ ಮ್ಯಾಲೇ ಒರ್ಸನ."

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಮಾದಪ್ಪ ಒಳ್ಳೆಯದು ಮಾಡಲಿ. ನಿಮ್ಮ ಗಾಡಿ ದಾರಿಯಲ್ಲಿ ನಿಲ್ಲದಿರಲಿ, ಉಣ್ಣುವ ಹೊತ್ತಿಗೆ ಮಾತ್ರ ನಿಮ್ಮ ಮನೆ ಮುಂದೆಯೇ ನಿಂತಿರಲಿ.