ನಮ್ಮಣ್ಣ ಹೆಸರು ಕೆತ್ತಿದ ಕೊಡಗಳು

ಮಾರಿದ ಸಾಮಾನನ್ನೆಲ್ಲ ತನ್ನ ಅಂಗಡಿಯಲ್ಲೇ ಇಟ್ಟುಕೊಂಡ ವ್ಯಾಪಾರಿಯನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಪಂಚಮಿಗೊಮ್ಮೆ ಅವನಿಂದ ಸೀರೆಯನ್ನೂ ವಸೂಲು ಮಾಡಿದ್ದೇನೆ. ಅವನು ನಮ್ಮಣ್ಣ. ಮೊನ್ನೆ ಮೊನ್ನೆ ಫೋನಿನಲ್ಲಿ ಅಕ್ಷರ ಒತ್ತಲು ಕಲಿತ ಈ ಬೆರಳಿಗೆ ಅವನ ಕತೆ ಬರೆಯದೆ ಸಮಾಧಾನವಿಲ್ಲ. ಹತ್ತಿರಹತ್ತಿರ ಐವತ್ತು ವರ್ಷದ ಹಿಂದಿನ ಮಾತು.

ಹುಮನಾಬಾದಿನ ಬಜಾರಿನಲ್ಲಿ ಅವನದು ಬಾಂಡೆ ಅಂಗಡಿ. ಮದುವೆಗೆ ಕೊಡುವ ಹಿತ್ತಾಳೆ ಕೊಡ, ತಾಟು, ತಂಬಿಗೆಯ ಮೇಲೆ ಹೆಸರು ಕೆತ್ತಿಸುವುದು ನಮ್ಮ ಕಡೆಯ ರೂಢಿ. ಬೇರೆ ಅಂಗಡಿಯವರು ರೊಕ್ಕ ಎಣಿಸಿಕೊಂಡ ಮೇಲೆ ಉಳಿ ಹಿಡಿಯುತ್ತಿದ್ದರು. ನಮ್ಮಣ್ಣನಿಗೆ ಗಿರಾಕಿ ಒಂದು ಕೊಡದ ಕಡೆ ಬೆರಳು ತೋರಿಸಿದರೆ ಸಾಕು, ಹೆಸರು, ಊರು ಕೇಳಿ ಟಕಟಕ ಶುರು ಮಾಡುತ್ತಿದ್ದ. ಕೊಡದ ಮೇಲೆ ಹೆಸರು ಬಿದ್ದರೆ ಲಗ್ನ ಮುರಿಯುವುದಿಲ್ಲ ಎಂಬುದು ಅವನೇ ಹುಟ್ಟಿಸಿದ ನಂಬಿಕೆ. ಗಿರಾಕಿಗಳು ಸುಗ್ಗಿಯ ರಾಶಿಯಾದ ಮೇಲೆ ರೊಕ್ಕ ಕೊಟ್ಟು ಒಯ್ಯುತ್ತೇವೆ ಎಂದು ಹೋಗುತ್ತಿದ್ದರು. ಹಲವರು ತಿರುಗಿ ಬರುತ್ತಿರಲಿಲ್ಲ. ಬೇರೆಯವರ ಹೆಸರಿನ ಕೊಡವನ್ನು ಯಾರು ಕೊಳ್ಳುತ್ತಾರೆ? ಅಂಗಡಿ ತುಂಬ ಹೆಸರು, ಗಲ್ಲಾ ಖಾಲಿ.

ಇಷ್ಟೇ ಆಗಿದ್ದರೆ ಹುಚ್ಚ ಎಂದು ನಕ್ಕು ಬಿಡಬಹುದಿತ್ತು. ಆದರೆ ಅವನು ಪ್ರಾಮಾಣಿಕ ಹುಚ್ಚ! ಹೆಸರು ಕೆತ್ತಿದ ದಿನವೇ ಲೆಕ್ಕದಲ್ಲಿ ‘ಮಾರಿದೆ’ ಎಂದು ಬರೆಯುತ್ತಿದ್ದ. ಸರಕಾರ ಅದನ್ನು ನಂಬಿತು. ಬಾರದ ರೊಕ್ಕದ ಮೇಲೆ ಮಾರಾಟ ತೆರಿಗೆ ಏರುತ್ತ ಹೋಯಿತು. ಕೊಡ ಕಳಿಸುವ ಸೊಲ್ಲಾಪುರದ ಸಾವುಕಾರರ ಸಾಲ ಬೇರೆ. ನೋಟೀಸು ಬಂದರೆ ಅರಿಸಿನ ಕುಂಕುಮ ಹಚ್ಚಿ ದೇವರ ಜಗಲಿಯ ಮೇಲೆ ಇಡುತ್ತಿದ್ದ, ಒಡೆದು ಓದುತ್ತಿರಲಿಲ್ಲ. ಕೇಳಿದರೆ, ದೊಡ್ಡವರ ಕಾಗದ ದೊಡ್ಡವರ ಹತ್ತಿರವೇ ಇರಲಿ ಎನ್ನುತ್ತಿದ್ದ.

ಅವನ ಹೆಂಡತಿ, ನಮ್ಮ ವೈನಿ, ಹೇಳಿ ಕಳಿಸಿದಾಗ ನಾನು ಬಸವಕಲ್ಯಾಣದ ಗಂಡನ ಮನೆಯಿಂದ ಬಸ್ಸು ಹತ್ತಿ ಓಡಿದೆ. ನಾನು ಮುಟ್ಟುವುದಕ್ಕೂ ತೆರಿಗೆ ಸಾಹೇಬರು ಜಪ್ತಿಗೆ ಬರುವುದಕ್ಕೂ ಸರಿಹೋಯಿತು.

“ಇವು ನನ್ನವಲ್ರಿ ಸಾಹೇಬ್ರ,” ಎಂದ ಅಣ್ಣ. “ಹೆಸರು ಓದ್ರಿ. ನನ್ನ ಬಾಕಿಗೆ ಮಂದಿ ಕೊಡ ಹ್ಯಾಂಗ ಒಯ್ತೀರಿ?”

ಸಾಹೇಬರು ಓದಿ ಓದಿ ಬೆವೆತರು. ಕಡೆಗೆ ಮೂಲೆಯಲ್ಲಿ ಹೆಸರಿಲ್ಲದ ಒಂದು ಕೊಡ ಸಿಕ್ಕಿತು. ಇದು ಯಾರದು ಎಂದರು.

“ಅದು ನಂದೇ ಐತ್ರಿ, ಒಯ್ರಿ,” ಎಂದವನೇ ಅಣ್ಣ ಉಳಿ ಕೈಗೆತ್ತಿಕೊಂಡ. “ಯಾರ ಹೆಸರು ಹಾಕ್ಲಿ?”

ಸಾಹೇಬರಿಗೂ ನಗು ಬಂತು. ಆದರೆ ನಗು ಬೇರೆ, ಕಾಯಿದೆ ಬೇರೆ. ತಿಂಗಳ ಕೊನೆಯೊಳಗೆ ಅರ್ಧ ಬಾಕಿ ಕಟ್ಟಿದರೆ ಉಳಿದದ್ದಕ್ಕೆ ಕಂತು, ಇಲ್ಲವಾದರೆ ಅಂಗಡಿಯೇ ಹರಾಜು ಎಂದು ಹೇಳಿ ಹೋದರು. ಅಂಗಡಿಯ ಹಿಂದಿನ ಕೋಣೆಗಳಲ್ಲೇ ಅಣ್ಣನ ಸಂಸಾರ. ಅದೂ ಹೋದರೆ ವೈನಿ ಒಲೆ ಹೂಡುವುದೆಲ್ಲಿ?

“ಅಣ್ಣಾ, ಕೊಡದ ಮ್ಯಾಲ ಹೆಸರೈತಿ, ಊರೈತಿ,” ಎಂದೆ ನಾನು. “ಅವರು ಬರಲಿಲ್ಲಂದ್ರ ಕೊಡಾನ ಅವರ ಮನಿಗಿ ಹೋಗಲಿ.”

“ರೊಕ್ಕ ಕೇಳಾಕ ನನಗ ಆಗಂಗಿಲ್ಲವಾ ತಂಗೀ.”

“ನೀ ಕೊಡ ಹೊರು. ಬಾಯಿ ನಂದೈತಿ.”

ಬಸ್ಸಿನ ಟಾಪಿನ ಮೇಲೆ ಕೊಡಗಳ ಗೋಣಿಚೀಲ ಏರಿಸಿ ಹೊರಟೆವು. ದುಬಲಗುಂಡಿಯಲ್ಲಿ ಒಬ್ಬ ಮುದುಕ ನಮ್ಮನ್ನು ಕಂಡವನೇ ಹಿತ್ತಲಿಗೆ ಓಡಿದ. ಅವನ ಮಗಳ ಹೆಸರಿನ ಕೊಡವನ್ನು ಅಂಗಳದಲ್ಲಿಟ್ಟು ನಾನು ಕಟ್ಟೆಯ ಮೇಲೆ ಕುಳಿತೆ. ಎಷ್ಟು ಹೊತ್ತು ಅಡಗಿಯಾನು? ಬಂದ, ಅರ್ಧ ರೊಕ್ಕ ಕೊಟ್ಟ, ಉಳಿದದ್ದಕ್ಕೆ ತೊಗರಿ ಅಳೆದ. ಬಸ್ಸು ಹತ್ತಿದ ಮೇಲೆ ನೋಡಿದರೆ ಚೀಲ ಹಗುರಾಗಿದೆ. ಮುದುಕನಿಗೆ ಬೇಸರವಾಗಬಾರದೆಂದು ಅಣ್ಣ ಒಂದಿಷ್ಟು ತೊಗರಿ ಅಲ್ಲೇ ಸುರಿದು ಬಂದಿದ್ದ. ವಸೂಲಿಗೆ ಇಂಥ ಜೊತೆಗಾರ ಯಾರಿಗೂ ಬೇಡ!

ಮನ್ನಾಏಖೇಳ್ಳಿಯ ಕತೆ ಇನ್ನೂ ಚಂದ. ಅಲ್ಲಿಯ ಹುಡುಗಿಗೆ ನಿಶ್ಚಯವಾಗಿದ್ದ ಸಂಬಂಧ ಮುರಿದು, ಅದೇ ಊರಿನ ಇನ್ನೊಬ್ಬನ ಜೊತೆ ಮದುವೆಯಾಗಿತ್ತು. ಅಣ್ಣನ ನಂಬಿಕೆ ಅಲ್ಲಿಗೆ ಮುಗಿಯಿತು. ಕೊಡದ ಮೇಲೆ ಮಾತ್ರ ಹಳೆಯ ವರನ ಹೆಸರು. ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ಅಣ್ಣ ತಣ್ಣಗೆ ಸುತ್ತಿಗೆ ತೆಗೆದು ಅದನ್ನು ಬಡಿದು ಅಳಿಸಿದ. ಕೊಡ ಅಲುಗದಂತೆ ಹಿಡಿದು ಕೂತವನು ಆಕೆಯ ಗಂಡನೇ.

“ನಂದು ಅದಕ್ಕಿಂತ ದೊಡ್ಡ ಅಕ್ಷರದಾಗ ಹಾಕ್ರಿ,” ಎಂದು ಪೂರಾ ರೊಕ್ಕ ಎಣಿಸಿದ.

ರಾಜೇಶ್ವರವೂ ಆಯಿತು, ಸುತ್ತಲಿನ ಹಳ್ಳಿಗಳೂ ಆದವು. ತೊಗರಿ ಮಾರಿ, ಸಿಕ್ಕ ರೊಕ್ಕ ಕೂಡಿಸಿ, ತಿಂಗಳ ಕೊನೆಗೆ ಅರ್ಧ ಬಾಕಿ ಕಟ್ಟಿದೆವು. ಸಾಹೇಬರು ಮಾತಿನಂತೆ ಕಂತು ಮಾಡಿಕೊಟ್ಟರು. ಸೊಲ್ಲಾಪುರದವರೂ ಮುಂದಿನ ರಾಶಿಯವರೆಗೆ ತಡೆದರು. ಅಂಗಡಿ ಉಳಿಯಿತು.

ಅಂದು ನನ್ನನ್ನು ಕಲ್ಯಾಣದ ಮನೆಗೆ ಮುಟ್ಟಿಸಿ ಬರುತ್ತೇನೆಂದು ಅಣ್ಣ ಜೊತೆಗೇ ಹೊರಟ. ನಾವು ಹತ್ತಿದ್ದು ಕಲ್ಯಾಣ ದಾಟಿ ಮುಂದೆ ಹುಲಸೂರಿಗೆ ಹೋಗುವ ಬಸ್ಸು. ಹುಮನಾಬಾದು ದಾಟುವ ಮೊದಲೇ ಅವನ ತಲೆ ನನ್ನ ಹೆಗಲಿಗೆ ಬಂತು. ಬಾಯಿ ತೆರೆದು, ಕೂಸಿನಂಥ ನಿದ್ದೆ. ಹೊರಡುವಾಗ ವೈನಿ ನನ್ನ ಕಿವಿಯಲ್ಲಿ ಹೇಳಿದ್ದಳು: ಜಪ್ತಿಯ ಮಾತು ಬಂದಂದಿನಿಂದ ಅವನು ಕಣ್ಣಿಗೆ ಕಣ್ಣು ಹಚ್ಚಿಲ್ಲ, ಕೊಡಗಳ ನಡುವೆ ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದನಂತೆ. ಇವನಿಗೆ ಚಿಂತೆಯೇ ಇಲ್ಲ ಎಂದು ನಾವೆಲ್ಲ ನಗುತ್ತಿದ್ದೆವು.

ಕಲ್ಯಾಣ ಬಂತು. ಕಂಡಕ್ಟರ್ ನಮ್ಮ ಸೀಟಿನ ಹತ್ತಿರ ಬಂದು ಇಳಿಯಿರಿ ಅಕ್ಕಾರ ಎಂದ. ನಾನು ಹೆಗಲು ಅಲುಗಿಸದೆ ಇನ್ನೊಂದು ಕೈಯಿಂದ ಸೆರಗಿನ ಗಂಟು ಬಿಚ್ಚಿದೆ.

“ಹುಲಸೂರಿಗಿ ಎರಡು ಟಿಕೀಟು ಕೊಡ್ರಿ,” ಎಂದೆ. “ಸಾವಕಾಶ ಮಾತಾಡ್ರಿ, ನಮ್ಮಣ್ಣ ಮಕ್ಕೊಂಡಾನ.”