ಆಳಿಗೊಂದು ಪಾತ್ರೆ ಚಾ

ನಮ್ಮ ದೊಡ್ಡವ್ವನಷ್ಟು ಪಾತ್ರೆ ತೊಳೆದವರು ಶಿಕಾರಿಪುರ ತಾಲೂಕಿನಲ್ಲೇ ಇರಲಿಕ್ಕಿಲ್ಲ. ಅದೂ ತಾನೇ ಮೈಮೇಲೆ ಎಳೆದುಕೊಂಡ ಕೆಲಸ! ಬಂದಳಿಕೆಯ ಅವಳ ಮನೆಗೆ ಎಂಟು ಜನ ಹೋದರೆ ಎಂಟು ಪುಟ್ಟ ಪಾತ್ರೆಗಳಲ್ಲಿ ಬೇರೆಬೇರೆಯಾಗಿ ಚಾ ಕುದಿಯಬೇಕು. ಕುರಿಗಳಿಗೂ ಅದೇ ಕಾನೂನು, ಒಂದೊಂದಕ್ಕೂ ಒಂದೊಂದು ಬಕೆಟ್ಟು! ಒಮ್ಮೆ ಸೊರಬದ ಬೀಗರು ಬಂದಾಗ, ಮೊದಲು ಚಾ ಕುಡಿದವರು ಬಸ್ಸು ಹಿಡಿದು ಊರು ಮುಟ್ಟಿದರೂ ಕೊನೆಯವರ ನೀರು ಇನ್ನೂ ಕುದಿ ಬಂದಿರಲಿಲ್ಲ.

"ಅಲ್ಲಕ್ಕಾ, ದೊಡ್ಡ ಪಾತ್ರೆಗೆ ಒಟ್ಟಿಗೆ ಇಟ್ರೆ ನಿನ್ನ ಗಂಟೇನು ಹೋಗ್ತೈತಿ?" ಎಂದು ನಮ್ಮವ್ವ ರೇಗಿದಳು.

"ಸುಮ್ನಿರೇ! ಸಕ್ಕರೆ ಅಂತ ದೊಡ್ಡ ಪಾತ್ರೆಗೆ ಉಪ್ಪು ಸುರುವಿ, ಬಂದೋರೆಲ್ಲ ಬಾಯಿ ಮುಕ್ಕಳಿಸೋ ಹಂಗ ಮಾಡಿದ್ದು ಯಾರು? ನನ್ ಕೈ ತಪ್ಪಿದ್ರೆ ಒಬ್ಬಂದು ಚಾ ಹೋಗ್ತೈತಿ, ಅಷ್ಟೆ."

ಅವ್ವ ಎದ್ದು ಉಳಿದ ಪಾತ್ರೆ ತೊಳೆಯತೊಡಗಿದಳು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಕಂಡವಳು ನಾನು. ಶುಂಠಿ ಹೊಲದ ಕೂಲಿ ಮಾಡುತ್ತಲೇ ಎಂಸಿಎ ಮುಗಿಸಿದೆ, ಹೇಳಿಕೊಳ್ಳಲು ಸಂಕೋಚವೇಕೆ? ಶಿಕಾರಿಪುರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠಕ್ಕೆ ಒಂದು ಹುದ್ದೆ ಖಾಲಿಯಿತ್ತು. ಅದು ತಪ್ಪಿದರೆ ಮತ್ತೆ ಅದೇ ಶುಂಠಿ ಹೊಲ.

ಸಂದರ್ಶನದಲ್ಲಿ ಹಿರಿಯ ಮೇಷ್ಟ್ರು ಕೇಳಿದರು: "ಮೇಡಂ, ಕೆಲವು ಡೇಟಾಬೇಸ್ ಸರ್ವರ್‌ಗಳು ಮಾಹಿತಿ ಕೇಳಿ ಬಂದವರಿಗೆಲ್ಲ ಬೇರೆಬೇರೆ ಪ್ರೊಸೆಸ್ ಹುಟ್ಟಿಸ್ತವೆ. ಕೆಲವು ಒಂದೇ ಪ್ರೊಸೆಸ್ಸಲ್ಲಿ ಥ್ರೆಡ್ ಬಿಡ್ತವೆ. ವ್ಯತ್ಯಾಸ ಏನ್ರೀ? ನಮ್ಮ ಹಳ್ಳಿ ಮಕ್ಕಳಿಗೆ ತಿಳಿಯೋ ಹಂಗೆ ಕನ್ನಡದಲ್ಲಿ ಹೇಳ್ರಿ."

ಇಂಗ್ಲಿಷಿನಲ್ಲಿ ಉರು ಹೊಡೆದದ್ದೆಲ್ಲ ಮಂಗಮಾಯ! ಬಾಯಿಗೆ ಬಂದದ್ದು ದೊಡ್ಡವ್ವ.

"ಸರ್, ನಮ್ಮ ದೊಡ್ಡವ್ವಂದು ಪ್ರೊಸೆಸ್ಸು, ನಮ್ಮವ್ವಂದು ಥ್ರೆಡ್ಡು," ಎಂದು ಚಾದ ಕಥೆ ಹೇಳಿದೆ. ಪ್ರೊಸೆಸ್ಸಿಗೆ ತನ್ನದೇ ಪಾತ್ರೆ, ಅಂದರೆ ತನ್ನದೇ ಮೆಮೊರಿ. ಒಂದು ಕೆಟ್ಟರೆ ಉಳಿದವಕ್ಕೆ ತಗಲುವುದು ಕಡಿಮೆ, ಆದರೆ ಪಾತ್ರೆಯೂ ಉರುವಲೂ ಹೆಚ್ಚು. ಥ್ರೆಡ್ಡುಗಳದ್ದು ಒಂದೇ ದೊಡ್ಡ ಪಾತ್ರೆ, ಹಂಚಿಕೊಂಡ ಮೆಮೊರಿ. ಖರ್ಚು ಕಡಿಮೆ, ಆದರೆ ಒಂದು ಉಪ್ಪು ಸುರುವಿದರೆ ಇಡೀ ಸರ್ವರೇ ಮಲಗಬಹುದು.

"ಸಾವಿರ ಜನ ಬಂದ್ರೆ ನಿಮ್ಮ ದೊಡ್ಡವ್ವ ಏನ್ಮಾಡ್ತಾರ್ರೀ?"

"ಬಾಗಿಲು ಹಾಕ್ಕೊಂತಾಳ್ರೀ ಸರ್!"

ಮೇಷ್ಟ್ರು ಮೇಜು ಕುಟ್ಟಿ ನಕ್ಕರು. "ಸರ್ವರ್ ಕೂಡ ಅದನ್ನೇ ಮಾಡೋದು, ಬಿಡ್ರಿ!" ಕೆಲಸ ಸಿಕ್ಕಿತು.

ಸುದ್ದಿ ಕೇಳಿದ ದೊಡ್ಡವ್ವ ನನ್ನ ಮೊದಲ ಪಾಠ ನೋಡಲೇಬೇಕೆಂದು ಹಟ ಹಿಡಿದಳು. ಪ್ರಿನ್ಸಿಪಾಲರು ನಕ್ಕು ಒಪ್ಪಿದರು. ಶಾಲೆಯ ಹೊಸಿಲನ್ನೇ ದಾಟದಿದ್ದ ಅವಳು ನನಗಿಂತ ಮೊದಲೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದಳು.

ನಾನು ಒಳಗೆ ಕಾಲಿಟ್ಟೆ. ಹುಡುಗರೆಲ್ಲ ದಡಬಡ ಎದ್ದು ನಿಂತರು. ದೊಡ್ಡವ್ವ ಅತ್ತಿತ್ತ ನೋಡಿದಳು. ಮಂಡಿ ಹಿಡಿದುಕೊಂಡು, ಸೆರಗು ಸರಿಮಾಡಿಕೊಂಡು, ಅವಳೂ ಎದ್ದು ನಿಂತಳು.

'ಕೂತ್ಕೊಳ್ಳಿ' ಎನ್ನಬೇಕಾದವಳು ನಾನು. ಕೊನೆಯ ಬೆಂಚಿನತ್ತ ತಿರುಗಿ ಕೈಮುಗಿದುಬಿಟ್ಟೆ.