ಹಸಿರು ಬೆಲ್ಟಿನ ಆಸೆ, ಹಿಮ್ಮಡಿಯ ಪಾಡು

ಬದನೆಕಾಯಿ ಕೊಳ್ಳುವಾಗ ನಮ್ಮವ್ವ ಅದರ ತೊಟ್ಟು ತಿರುವುತ್ತಾಳೆ, ಹೊಟ್ಟೆ ಒತ್ತುತ್ತಾಳೆ, ಹುಳುವಿನ ತೂತು ಇದೆಯೇ ಎಂದು ಬೆಳಕಿಗೆ ಹಿಡಿಯುತ್ತಾಳೆ, ಕಡೆಗೆ ಮಾರುವವಳ ಮುಖವನ್ನೂ ಒಂದು ಸಲ ಪರೀಕ್ಷಿಸಿ ಚೀಲಕ್ಕೆ ಹಾಕುತ್ತಾಳೆ. ಒಂದು ಹೊತ್ತಿನ ಎಣಗಾಯಿಗೆ ಇಷ್ಟು ವಿಚಾರಣೆ. ಆದರೆ ಗುರುವನ್ನು ಹುಡುಕುವಾಗ ನಾವು ಯಾರೂ ಇಷ್ಟು ಕಷ್ಟಪಡುವುದಿಲ್ಲ. ಬ್ಯಾನರ್ ದೊಡ್ಡದಿದ್ದರೆ ಸಾಕು, ಕಾಲಿಗೆ ಬೀಳುತ್ತೇವೆ. ಗುರುವನ್ನು ಒತ್ತಿ ನೋಡುವ ಪದ್ಧತಿಯೂ ನಮ್ಮಲ್ಲಿಲ್ಲ. ಅದರಲ್ಲೂ ಕರಾಟೆ ಗುರುವನ್ನು ಒತ್ತಿದರೆ ಅವರು ತಿರುಗಿ ಒತ್ತುತ್ತಾರೆ. ಈ ಭಯ ಬೆನ್ನಿಗೆ ಕಟ್ಟಿಕೊಂಡೇ ನಾನು ಕೆಲವು ತಿಂಗಳ ಹಿಂದೆ ದಾವಣಗೆರೆಯಲ್ಲಿ ಒಬ್ಬ ನಂಬಿಕಸ್ಥ ಕರಾಟೆ ಗುರುವನ್ನು ಹುಡುಕಿ ಹೊರಟೆ.

ನನ್ನಂಥವನಿಗೆ ಕರಾಟೆ ಯಾಕೆ ಎಂದು ನೀವು ಕೇಳಬಹುದು. ನನ್ನನ್ನು ನೋಡಿದವರೆಲ್ಲ ಅದನ್ನೇ ಕೇಳುತ್ತಾರೆ, ನಕ್ಕು ಕೇಳುತ್ತಾರೆ. ನಾನು ಹಗಲು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಮದುವೆ, ಗೃಹಪ್ರವೇಶ, ಬೀಳ್ಕೊಡುಗೆ ಎಂದರೆ ಮೈಕ್ ಹಿಡಿದು ಮಿಮಿಕ್ರಿ ಮಾಡುತ್ತೇನೆ. ನನ್ನ ನಿಜವಾದ ಹೊಟ್ಟೆಪಾಡು ಎರಡನೆಯದೇ. ನನಗೆ ಕುಳಿತಲ್ಲಿ ಕೂರಲಾಗದ ಕಾಯಿಲೆ. ಮೊಣಕಾಲು ಸದಾ ಹೊಲಿಗೆ ಯಂತ್ರದಂತೆ ಕುಣಿಯುತ್ತಿರುತ್ತದೆ. "ನನ್ನ ಹೊಟ್ಟ್ಯಾಗ ಇದ್ದಾಗ್ಲೂ ಹಿಂಗ ಒದಿತಿದ್ದಿ, ನಾನೇನೋ ಹುಲಿ ಹುಟ್ತೈತಿ ಅಂದ್ಕಂಡಿದ್ದೆ" ಎನ್ನುತ್ತಾಳೆ ಅವ್ವ. ಹುಟ್ಟಿದ್ದು ಯಾವ ಪ್ರಾಣಿ ಎಂದು ಅವಳು ಮುಂದೆ ಹೇಳುವುದಿಲ್ಲ. ಇನ್ನೊಂದು ಕಾಯಿಲೆಯೆಂದರೆ, ಯಾರನ್ನು ನೋಡಿದರೂ ಅವರ ನಡಿಗೆ, ಮಾತು, ಕೆಮ್ಮು ನನಗೆ ಅಂಟಿಕೊಳ್ಳುತ್ತದೆ. ಡಾಕ್ಟರ ಹತ್ತಿರ ಹೋದರೆ ಅವರ ದನಿಯಲ್ಲೇ ನನ್ನ ಕಾಯಿಲೆ ಹೇಳಿ ಬೈಸಿಕೊಂಡು ಬರುತ್ತೇನೆ.

ಈ ಎರಡನೆಯ ಕಾಯಿಲೆಯಿಂದಲೇ ಅನಾಹುತ ಆದದ್ದು. ಒಂದು ಮದುವೆಯಲ್ಲಿ ಹುಡುಗನ ಸೋದರಮಾವ ಬೆಳಗಿನಿಂದ ಪಂಚೆ ಮೇಲೆತ್ತಿ ಹಿಡಿದು, ಪಂಕ್ತಿಯಿಂದ ಪಂಕ್ತಿಗೆ ಓಡುತ್ತ, "ಅನ್ನ ಬಂತೇನ್ರೋ? ಸಾರು ಎಲ್ಲೋತ್ರೋ? ಬೀಗರಿಗೆ ತುಪ್ಪ ಬಿಡ್ರೋ!" ಎಂದು ಕೂಗುತ್ತಿದ್ದರು. ಇಂಥ ಸರಕು ಕಣ್ಣೆದುರು ಓಡಾಡುತ್ತಿದ್ದರೆ ಯಾವ ಕಲಾವಿದ ತಾನೇ ಸುಮ್ಮನಿರುತ್ತಾನೆ? ಸಂಜೆಯ ಆರತಕ್ಷತೆಯಲ್ಲಿ ಅವರನ್ನು ಅಣಕಿಸಿದೆ. ಮಂಟಪಕ್ಕೆ ಮಂಟಪವೇ ನಕ್ಕಿತು. ಮದುಮಗಳು ಹಾರ ಹಿಡಿದುಕೊಂಡು ನಕ್ಕಳು. ನಗದವರು ಒಬ್ಬರೇ. ಅವರು ಅದೇ ಪಂಚೆಯನ್ನು ಅದೇ ರೀತಿ ಎತ್ತಿ ಹಿಡಿದು ವೇದಿಕೆ ಹತ್ತಿ ನನ್ನ ಕಾಲರ್ ಹಿಡಿದರು. "ನಮ್ಮ ಮನ್ಯಾಗ ಉಂಡು ನನ್ನನ್ನೇ ಆಡ್ಕಂತಿಯೇನಲೇ?" ಊರಿನವರ ದನಿಗಳೆಲ್ಲ ಇರುವ ನನ್ನ ಗಂಟಲಿನಲ್ಲಿ ಆ ಹೊತ್ತಿಗೆ ಒಂದೂ ಇರಲಿಲ್ಲ. ಕೈಯಲ್ಲಿದ್ದ ಮೈಕ್ ಮಾತ್ರ ನನ್ನ ಏದುಸಿರನ್ನು ನಿಷ್ಠೆಯಿಂದ ಎರಡು ದೊಡ್ಡ ಸ್ಪೀಕರುಗಳಿಗೆ ಕಳಿಸುತ್ತಿತ್ತು. ಜನ ಅದನ್ನೂ ಕಾರ್ಯಕ್ರಮದ ಭಾಗವೆಂದುಕೊಂಡು ಚಪ್ಪಾಳೆ ಹೊಡೆದರು.

ಹಿರಿಯರು ಬಂದು ಬಿಡಿಸಿದರು, ಕಾಲರು ಇಸ್ತ್ರಿಗೆ ಸರಿಹೋಯಿತು, ನಾನು ಸರಿಹೋಗಲಿಲ್ಲ. ಅಂದಿನಿಂದ ಸಭೆಯಲ್ಲಿ ಯಾರಾದರೂ ಕುರ್ಚಿಯಿಂದ ಎದ್ದರೆ, ಪಾಪ ಅವರು ಕೈ ತೊಳೆಯಲು ಎದ್ದಿದ್ದರೂ, ನನ್ನ ದನಿ ಅರ್ಧಕ್ಕೆ ಇಳಿಯತೊಡಗಿತು. ಕಣ್ಣು ಬಾಗಿಲು ಹುಡುಕುತ್ತಿತ್ತು. ನನ್ನ ಕಾರ್ಯಕ್ರಮಗಳಿಗೆ ಧ್ವನಿವರ್ಧಕ ಹಾಕುವ ಗೆಳೆಯ ಪರಶುರಾಮ, ನನ್ನ ಬಾಯಲ್ಲಿ ಪರಶ್ಯಾ, ಒಂದು ದಿನ ಖಂಡತುಂಡವಾಗಿ ಹೇಳಿಬಿಟ್ಟ. "ಲೇ ಮಂಜ, ನನ್ನ ಮಷೀನ್ ಸರಿಯಾಗೈತಿ, ನಿಂದೇ ವಾಲ್ಯೂಮ್ ಹೋಗೇತಿ. ಹಿಂಗಾದ್ರೆ ಇನ್ನೊಂದೆರಡು ಪ್ರೋಗ್ರಾಮ್, ಆಮ್ಯಾಗ ಯಾರೂ ಕರೆಯಂಗಿಲ್ಲ. ಕರಾಟೆ ಕಲಿ ಹೋಗು."

"ಹೊಡೆಯಾಕಾ?"

"ನೀ ಯಾರಿಗೆ ಹೊಡಿತಿ? ಓಡದಂಗ ನಿಲ್ಲಾಕ."

ಸರಿ, ಮೊಬೈಲ್ ತೆಗೆದೆ. ಒಳ್ಳೆಯ ಸಾಂಪ್ರದಾಯಿಕ ಕರಾಟೆ ಶಾಲೆಯನ್ನು ಗುರುತಿಸುವುದು ಹೇಗೆ ಎಂದು ಪುಣ್ಯಾತ್ಮರು ಉದ್ದುದ್ದ ಬರೆದಿದ್ದರು. ಗುರುವಿಗೆ ಗುರು ಯಾರೆಂದು ಕೇಳಿ, ಸೇರುವ ಮೊದಲು ಕುಳಿತು ನೋಡಲು ಬಿಡುತ್ತಾರೆಯೇ ಕೇಳಿ, ಬೇಗ ಬೆಲ್ಟ್ ಕೊಡುತ್ತೇವೆ ಎನ್ನುವವರಿಂದ ದೂರವಿರಿ, ಅವಸರ ಮಾಡಬೇಡಿ. "ಅವಸರ" ಎಂಬ ಮಾತಿಗೆ ಬರುವಷ್ಟರಲ್ಲಿ ನಾನು ಬೈಕ್ ಹತ್ತಿ ಕೆ.ಬಿ. ಬಡಾವಣೆಗೆ ಬಂದುಬಿಟ್ಟಿದ್ದೆ.

ಅಲ್ಲಿ ಒಂದು ಟ್ಯೂಷನ್ ಸೆಂಟರಿನ ಮೇಲಿನ ಮಹಡಿಯಲ್ಲಿ ಶಾಲೆ. ಕೆಳಗೆ ಮಗ್ಗಿ, ಮೇಲೆ ಗುದ್ದು. ಮಾಸ್ಟರರ ಕಪ್ಪು ಬೆಲ್ಟಿನ ಮೇಲೆ ಎಷ್ಟು ಕಸೂತಿ ಇತ್ತೆಂದರೆ ಕಪ್ಪು ಹುಡುಕಬೇಕಿತ್ತು. ಗೋಡೆಯ ತುಂಬ ಅವರು ಯಾರು ಯಾರದೋ ಕೈ ಕುಲುಕುವ ಫೋಟೋ. ಕುಲುಕಿಸಿಕೊಂಡವರ ಮುಖದಲ್ಲಿ ಇವರು ಯಾರಪ್ಪಾ ಎಂಬ ಭಾವ. ಮಕ್ಕಳು ಸಾಲಾಗಿ ನಿಂತು ಕಟಾ ಮಾಡುತ್ತಿದ್ದರು. ಕಟಾ ಎಂದರೆ ಎದುರಿಗಿಲ್ಲದ ವೈರಿಯೊಡನೆ ಗೊತ್ತಾದ ವರಸೆಗಳಲ್ಲಿ ಕಾದಾಡುವುದು. ಎದುರಿಗೆ ಯಾರೂ ಇರುವುದಿಲ್ಲ ಎಂಬ ಅಂಶ ನನಗೆ ಬಹಳ ಹಿಡಿಸಿತು. ಮಾಸ್ಟರು ಪ್ರತಿ ಗುದ್ದಿಗೂ ಬಲ ಭುಜವನ್ನು, ಯಾರೋ ಹಿಂದಿನಿಂದ ಕರೆದಂತೆ, ಒಂದು ಸಲ ಹಾರಿಸುತ್ತಿದ್ದರು. ಮಕ್ಕಳೂ ಹಾರಿಸುತ್ತಿದ್ದರು. ಬಾಗಿಲಲ್ಲಿ ನಿಂತ ನನ್ನ ಭುಜವೂ ಹಾರತೊಡಗಿತು. ಮಾಸ್ಟರು ಕರೆದು "ಏನು ಬರ್ತೈತೆ ತೋರ್ಸಪ" ಎಂದರು. ಕಟಾ ಪೂರ್ತಿ ಒಪ್ಪಿಸಿಬಿಟ್ಟೆ, ಭುಜದ ಸಮೇತ.

"ಎಲ್ಲಿ ಕಲ್ತಿದ್ದು?"

"ಇಲ್ಲೇರಿ ಸರ್. ಈಗ, ಬಾಗ್ಲಾಗ."

"ನಿನ್ನ ರಕ್ತದಾಗೇ ಐತೆ ಬಿಡು! ಬಿಳಿ, ಹಳದಿ ನಿನಗ್ಯಾಕ? ನೇರ ಹಸಿರು ಬೆಲ್ಟು. ವರ್ಷ ತುಂಬೋದ್ರಾಗ ಬ್ಲ್ಯಾಕು."

ಹಸಿರು ಬೆಲ್ಟಿನವನ ಗತ್ತಿನಲ್ಲಿ ಮೆಟ್ಟಿಲಿಳಿದೆ. ಅರ್ಧದಲ್ಲಿ ದಪ್ಪ ಮೀಸೆಯ ಒಬ್ಬರು ಮಗನ ನೀರಿನ ಬಾಟಲಿ ಹಿಡಿದು ಹತ್ತಿ ಬರುತ್ತಿದ್ದರು. "ಸ್ವಲ್ಪ ಸರೀರಿ" ಎಂದರು, ಅಷ್ಟೇ. ನಾನು ಗೋಡೆಗೆ ಸುಣ್ಣದಂತೆ ಅಂಟಿಕೊಂಡೆ. ಅವರು ಮೇಲೆ ಹೋದ ಮೇಲೂ ಸ್ವಲ್ಪ ಹೊತ್ತು ಅಂಟಿಕೊಂಡೇ ಇದ್ದೆ.

ವಿನೋಬನಗರದ ಶಾಲೆಯಲ್ಲಿ ಇನ್ನೊಂದು ಬಗೆ. ಅಲ್ಲಿನ ಮಾಸ್ಟರದು ಕೂಗು ಪ್ರಧಾನ ಕರಾಟೆ. ಗುದ್ದುವ ಮೊದಲು ಕೂಗು, ಗುದ್ದಿದ ಮೇಲೆ ಕೂಗು, ಕೆಲವು ಸಲ ಗುದ್ದು ಮರೆತು ಬರೀ ಕೂಗು. ನಾನು ಆ ಕೂಗನ್ನು ಒಂದೇ ಸಲಕ್ಕೆ ಹಿಡಿದು ವಾಪಸ್ ಬಿಟ್ಟೆ. ಪಕ್ಕದ ಮನೆಯ ಅಜ್ಜಿ ಕಿಟಕಿ ತೆರೆದು, "ಒಬ್ಬಂದೇ ತಡಿಯಾಕಾಗ್ತಿರ್ಲಿಲ್ಲ, ಇನ್ನೊಬ್ಬ ಬಂದ್ನೇನ್ರೀ?" ಎಂದಳು. ಮಾಸ್ಟರು ನನ್ನನ್ನು ತಬ್ಬಿಕೊಂಡು, ನಾಳೆಯಿಂದ ಮಕ್ಕಳ ಬ್ಯಾಚು ನೀನೇ ನೋಡಿಕೋ ಎಂದರು. ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಶಿಷ್ಯ, ಹಾಕಿಕೊಂಡು ಹೊರಗೆ ಬರುವಾಗ ಗುರು. ಚಪ್ಪಲಿಗೂ ಆಶ್ಚರ್ಯವಾಗಿರಬೇಕು.

ಗುರುವನ್ನು ಒತ್ತಿ ನೋಡುವ ವಿದ್ಯೆ ನನಗೆ ಹೊಳೆದದ್ದು ಆಗಲೇ. ನನ್ನ ಹತ್ತಿರ ಇರುವ ಈ ಅಣಕು ಕರಾಟೆ ಖೋಟಾ ನಾಣ್ಯ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ಗಲ್ಲಾದ ಮೇಲೆ ಇಡಬೇಕು. ನಗುತ್ತ ತೆಗೆದುಕೊಂಡರೆ ಆ ಅಂಗಡಿಯಿಂದ ಎದ್ದು ಬರಬೇಕು. ವಿದ್ಯೆಯೇನೋ ಸಿಕ್ಕಿತು, ಆದರೆ ಹೊಗಳಿಕೆಯ ಕಡೆಯಿಂದ ಎದ್ದು ಬರುವುದು ಎಷ್ಟು ಕಷ್ಟ ಎಂದು ಹಸಿರು ಬೆಲ್ಟನ್ನು ಕಳೆದುಕೊಂಡವನಿಗೇ ಗೊತ್ತು. ಎರಡು ದಿನ ಹಾಸಿಗೆಯಲ್ಲಿ ಹೊರಳಾಡಿದೆ. ಅವ್ವನೇ ಕೊನೆಗೆ ಹೇಳಿದಳು. "ಹರಿಹರದಾಗ ನಮ್ಮ ಸುಮನ ಮಗಳು ಹೋಗ್ತೈತಲ್ಲ, ಅಲ್ಲಿ ನೋಡು. ಗಿರಿಜಾ ಮೇಡಂ ಅಂತ. ಆ ಹುಡ್ಗಿ ಮೊದ್ಲು ನಿನ್ನಂಗೇ ಇತ್ತು, ಈಗ ಕುಂತು ಊಟ ಮಾಡ್ತೈತಿ."

ಹರಿಹರದಲ್ಲಿ ಬ್ಯಾನರಿರಲಿಲ್ಲ. ಒಂದು ಶಾಲೆಯ ಅಂಗಳ, ಸಂಜೆ ಹೊತ್ತು, ಇಪ್ಪತ್ತು ಮಕ್ಕಳಿರಬಹುದು. ಗಿರಿಜಾ ಮೇಡಂ ಅದೇ ಶಾಲೆಯಲ್ಲಿ ಮಕ್ಕಳನ್ನು ಆಡಿಸುವ ದೈಹಿಕ ಶಿಕ್ಷಕಿ. ನಡುವಯಸ್ಸು, ಸಣ್ಣ ದನಿ. ನಾನು ಕಟಾ ತೋರಿಸಲು ತೋಳು ಮಡಚುತ್ತಿದ್ದರೆ, "ಇವತ್ತು ಸುಮ್ನೆ ಕುಂತು ನೋಡಪ. ಬೇಕಾದ್ರೆ ನಾಳೆನೂ ನೋಡು" ಎಂದರು. ನನ್ನಂಥವನಿಗೆ ಸುಮ್ಮನೆ ಕುಳಿತುಕೋ ಎನ್ನುವುದೆಂದರೆ ಮೀನಿಗೆ ಮರ ಹತ್ತು ಎಂದಂತೆ. ಮೊಣಕಾಲು ಕುಣಿಯಿತು, ಕುಳಿತ ಕಟ್ಟೆ ಅದುರಿತು. ಕಡೆಗೂ ತಡೆಯಲಾರದೆ ನೀರು ಕುಡಿಯುವ ಬಿಡುವಿನಲ್ಲಿ ಎದ್ದು, ಕೇಳದಿದ್ದರೂ, ನನ್ನ ಸರಕೆಲ್ಲ ಹರವಿಬಿಟ್ಟೆ. ಮಕ್ಕಳು ಬಾಯಿ ಬಿಟ್ಟು ನೋಡಿದರು. ನಾನು ಮೇಡಂ ಮುಖ ನೋಡಿದೆ.

"ಭುಜ ಕೆ.ಬಿ. ಬಡಾವಣೆದು. ಕೂಗು ವಿನೋಬನಗರದ್ದು" ಎಂದರು ಅವರು. "ಚೆನ್ನಾಗೈತೆ. ನಿಂದು ಯಾವುದು?"

ಕೇಳುತ್ತಲೇ ಎರಡು ಬೆರಳಿನಿಂದ ನನ್ನ ಎದೆಯನ್ನು ಮುಟ್ಟಿದರು. ತಳ್ಳಿದರು ಎಂದರೆ ಸುಳ್ಳಾಗುತ್ತದೆ. ನಾನು ಮಾತ್ರ ಹಿಂದೆ ಹಿಂದೆ ಹೋಗಿ ಮಕ್ಕಳ ಬ್ಯಾಗುಗಳ ರಾಶಿಯ ಮೇಲೆ ಕುಳಿತೆ. ಖೋಟಾ ನಾಣ್ಯ ಮೊದಲ ಬಾರಿಗೆ ವಾಪಸ್ ಬಂದಿತ್ತು. ಆದರೂ ಮೊಬೈಲಿನಲ್ಲಿ ಓದಿದ್ದನ್ನು ಬಿಡಬಾರದೆಂದು ಬ್ಯಾಗುಗಳ ಮೇಲಿಂದಲೇ ವಿಚಾರಣೆ ಶುರುಮಾಡಿದೆ. ನಿಮ್ಮ ಗುರುಗಳು ಯಾರ್ರಿ?

"ಶಿವಮೊಗ್ಗದಾಗ ಅದಾರ. ಈಗ್ಲೂ ಹೋಗಿ ತಪ್ಪು ತಿದ್ದಿಸ್ಕಂಡು ಬರ್ತೀನಿ. ಹೋದ ಸಲನೂ ಬೈದ್ರು."

"ಬೆಲ್ಟು ಯಾವಾಗ ಕೊಡ್ತೀರಿ?"

"ಯಾಕ, ಪ್ಯಾಂಟು ಸಡ್ಲ ಐತೇನು?"

ಈ ವಯಸ್ಸಿನಲ್ಲೂ ಗುರುವಿನ ಹತ್ತಿರ ಬೈಸಿಕೊಳ್ಳುತ್ತೇನೆಂದು ಮಕ್ಕಳೆದುರೇ ಹೇಳುವ ಗುರುವನ್ನು ನಾನು ನೋಡಿರಲಿಲ್ಲ. ಕಡೆಯ ಪ್ರಶ್ನೆ ಕೇಳಿಯೇಬಿಟ್ಟೆ. ಯಾರಾದರೂ ಕಾಲರ್ ಹಿಡಿದರೆ ಏನು ಮಾಡಬೇಕು? ಅವರು ಯಾಕೆ ಹಿಡಿದರು ಎಂದರು. ಹೇಳಿದೆ. ಆ ಸೋದರಮಾವನನ್ನು ಮಾಡಿ ತೋರಿಸು ಎಂದರು. ತೋರಿಸಿದೆ. ಮಕ್ಕಳು ಅಂಗಳದಲ್ಲಿ ಉರುಳಾಡಿದರು. ಮೇಡಂ ಮಾತ್ರ ನನ್ನ ಕಾಲುಗಳನ್ನೇ ನೋಡುತ್ತಿದ್ದರು.

"ಹಿಮ್ಮಡಿ ನೆಲಕ್ಕ ಊರೋದೇ ಇಲ್ಲ ನೋಡು ನೀನು. ಬಾಯಿ ಇಲ್ಲಿ ಆಡಿಕೊಳ್ತಿರ್ತೈತೆ, ಕಾಲು ಆಗ್ಲೇ ಬಸ್‌ಸ್ಟ್ಯಾಂಡಿಗೆ ಹೊಂಟಿರ್ತಾವ. ಓಡೋ ಕೋಳಿನ ಎಲ್ಲಾರೂ ಹಿಡೀತಾರ. ಆಡ್ಕೊಳ್ಳೋದು ಬಿಡು ಅಂತ ನಾ ಹೇಳಂಗಿಲ್ಲ. ಆಡ್ಕೊಂಡು ಅಲ್ಲೇ ನಿಲ್ಲಾಕ ಬರ್ಬೇಕು."

ಹೀಗೆ ನನ್ನ ಕರಾಟೆ ಶುರುವಾಯಿತು. ಶುರುವಾಯಿತು ಎಂದರೆ ಏನೂ ಆಗಲಿಲ್ಲ. ನಿಲ್ಲುವುದು, ಅಷ್ಟೇ. ಮೊಣಕಾಲು ಸ್ವಲ್ಪ ಬಗ್ಗಿಸಿ, ಹಿಮ್ಮಡಿ ಊರಿ, ಮುಂದೆ ನೋಡುತ್ತ ನಿಲ್ಲುವುದು. ನಿಂತ ಕೂಡಲೇ ಮೂಗು ತುರಿಸುತ್ತದೆ. ಸೊಳ್ಳೆಗಳಿಗೆ ಸುದ್ದಿ ಮುಟ್ಟುತ್ತದೆ. ಹೊರಗೆ ಯಾರ ಬೈಕ್ ಸದ್ದಾದರೂ ಅದು ಯಾರದು ನೋಡೋಣ ಅನ್ನಿಸುತ್ತದೆ. ಪಕ್ಕದಲ್ಲಿ ಸುಮಕ್ಕನ ಮಗಳು, ಮೂರನೆಯ ಕ್ಲಾಸು. ಇಲ್ಲಿ ಅವಳು ನನಗೆ ಹಿರಿಯಳು, ದಿನಾ ಅವಳಿಗೆ ಬಾಗಿ ನಮಸ್ಕರಿಸಬೇಕು. ಅವಳು ಮುಂದೆ ನೋಡುತ್ತಲೇ, ತುಟಿ ಅಲ್ಲಾಡಿಸದೆ, "ಮಾಮಾ, ಹಿಮ್ಮಡಿ" ಎನ್ನುತ್ತಾಳೆ. ಎಷ್ಟೋ ಸಲ ಬಿಟ್ಟುಬಿಡೋಣ ಅನ್ನಿಸಿ ಬೈಕನ್ನು ಅರ್ಧ ದಾರಿಯಲ್ಲಿ ತಿರುಗಿಸಿದ್ದೂ ಉಂಟು. ತಿರುಗಿಸಿದರೆ ಕೆ.ಬಿ. ಬಡಾವಣೆಯ ಹಸಿರು ಬೆಲ್ಟು ಕಣ್ಣ ಮುಂದೆ ಬಂದು "ಬಾರಪ" ಎನ್ನುತ್ತಿತ್ತು; ಅದರ ಹಿಂದೆಯೇ ಆ ಮೆಟ್ಟಿಲಿನ ಗೋಡೆಯೂ ಬರುತ್ತಿತ್ತು. ಮತ್ತೆ ಹರಿಹರದ ಕಡೆ ತಿರುಗಿಸುತ್ತಿದ್ದೆ.

ಮೊನ್ನೆ ಕೊಂಡಜ್ಜಿಯಲ್ಲಿ ಒಂದು ಗೃಹಪ್ರವೇಶ, ಮಧ್ಯಾಹ್ನದ ಊಟವಾದ ಮೇಲೆ ನನ್ನ ಕಾರ್ಯಕ್ರಮ. ಇದೂ ಕೆಟ್ಟರೆ ಬೇರೆ ಮಿಮಿಕ್ರಿಯವರನ್ನು ಹುಡುಕಿಕೊಳ್ಳುತ್ತೇನೆಂದು ಪರಶ್ಯಾ ವೈರ್ ಎಳೆಯುವಾಗಲೇ ಹೇಳಿದ್ದ. ಮನೆಯ ಯಜಮಾನರು ಪೂಜೆಯ ನಡುವೆ ಫೋನಿನಲ್ಲಿ ಟ್ರ್ಯಾಕ್ಟರಿನವನಿಗೆ ಬೈದು, ಮರುಕ್ಷಣ ಮಂತ್ರ ಹೇಳಿದ್ದನ್ನು ಮಾಡಿ ತೋರಿಸುತ್ತಿದ್ದೆ. ನಗು ಏರುತ್ತಿದ್ದಾಗ, ಪೆಂಡಾಲಿನ ಮಧ್ಯದಿಂದ ಒಬ್ಬ ಆಸಾಮಿ ಎದ್ದ. ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದ ಎತ್ತರ. ಟವೆಲ್ಲನ್ನು ಹೆಗಲಿನಿಂದ ಕೈಗೆ ತೆಗೆದುಕೊಂಡು ನೇರ ನನ್ನ ಕಡೆ ಹೊರಟ. ಜನ ಸುಮ್ಮನಾದರು. ನನ್ನ ಕಣ್ಣು ತನ್ನಷ್ಟಕ್ಕೆ ಪೆಂಡಾಲಿನ ಸಂದಿ ಹುಡುಕಿತು. ಹಿಮ್ಮಡಿಗಳು ಮೆಲ್ಲಗೆ ಏಳುವುದು ನನಗೇ ಗೊತ್ತಾಯಿತು. ಊರಿದೆ. ಮತ್ತೆ ಎದ್ದವು, ಮತ್ತೆ ಊರಿದೆ. ಮೈಕ್ ಕೆಳಗಿಳಿಸಿ ಅವನನ್ನು ನೋಡುತ್ತ ಸುಮ್ಮನೆ ನಿಂತೆ. ಯಾವ ದನಿಯೂ ಇಲ್ಲ, ಯಾರ ಭುಜವೂ ಇಲ್ಲ. ಅವನು ಎದುರಿಗೇ ಬಂದು ನಿಂತ.

"ತಮ್ಮಾ, ನಮ್ಮಣ್ಣಂದು ಮಾಡಿದಿ. ನಾ ಏನು ಪಾಪ ಮಾಡೇನಿ? ನಂದೂ ಮಾಡು."

ಪೆಂಡಾಲು ಹಾರಿಹೋಗುವಂತೆ ನಗು. ಅವನದನ್ನೂ ಮಾಡಿದೆ, ಟವೆಲ್ಲನ್ನು ಅವನಿಂದಲೇ ಇಸಿದುಕೊಂಡು ಮಾಡಿದೆ. ದನಿ ಕೊನೆಯವರೆಗೂ ಇಳಿಯಲಿಲ್ಲ. ಮುಗಿದ ಮೇಲೆ ಪರಶ್ಯಾ ವೈರ್ ಸುತ್ತುತ್ತಿದ್ದ. ಅವನು ಹೊಗಳುವ ಪೈಕಿಯಲ್ಲ. ಅದಕ್ಕೇ ನನಗೆ ಅವನ ಕಿವಿಯ ಮೇಲೆ ನಂಬಿಕೆ. ನಾನು ಹತ್ತಿರ ಹೋಗಿ, ಏನೂ ಕೇಳದವನಂತೆ ನಿಂತೆ.

"ಭಾರಿ ಆತಲೇ ಇವತ್ತು" ಎಂದ. "ಯಜಮಾನ್ರದು ಹಂಗೇ ಅವ್ರೇ ಬಂದಂಗಿತ್ತು. ತಮ್ಮಂದಂತೂ ಕೇಳೋದೇ ಬ್ಯಾಡ. ನಡುವ ಮೈಕ್ ಇಳಿಸಿ ಸುಮ್ನೆ ನಿಂತಿದ್ದಿ ನೋಡು, ಅದು ಯಾರ್ದು?"

"ಯಾರ್ದೂ ಅಲ್ಲಲೇ. ಅದು ನಾನೇ."

ಪರಶ್ಯಾ ವೈರ್ ಸುತ್ತುವುದನ್ನು ನಿಲ್ಲಿಸಿ, ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಹೌದಾ? ಅದೊಂದು ಅಷ್ಟು ಹೋಲಲಿಲ್ಲ ಬಿಡು. ಇನ್ನೊಂದಿಷ್ಟು ಪ್ರಾಕ್ಟೀಸ್ ಮಾಡು."